ತೊಡೆಯ ಕಸುವಿಗೊಂದು ಅಳತೆ

ಒಬ್ಬರ ಎತ್ತರ ಅಳೆಯಲು ಅವರು ಸುಮ್ಮನೆ ನಿಂತರೆ ಸಾಕು. ತೂಕಕ್ಕೂ ರಕ್ತದೊತ್ತಡಕ್ಕೂ ಅಷ್ಟೇ. ನಿದ್ದೆಹೋದವರ ನಾಡಿಯನ್ನೂ ಎಣಿಸಬಹುದು. ತೊಡೆಯ ಸ್ನಾಯು ಎಷ್ಟು ದಪ್ಪವಿದೆ ಎಂಬುದನ್ನು ಎಂಆರ್‌ಐ ಯಂತ್ರ ಮಿಲಿಮೀಟರ್ ಲೆಕ್ಕದಲ್ಲಿ ಹೇಳಿಬಿಡುತ್ತದೆ. ಅದೇ ಸ್ನಾಯುವಿನ ಬಲ ಎಷ್ಟು ಎಂದು ತಿಳಿಯಬೇಕಾದರೆ ಮಾತ್ರ ಆ ಮನುಷ್ಯನನ್ನೇ ಕೇಳಬೇಕು: "ನಿಮ್ಮ ಕೈಲಾದಷ್ಟು ಜೋರಾಗಿ ಒದೆಯಿರಿ ನೋಡೋಣ." ಅವರು ಒದ್ದಾಗ ಬರುವ ಸಂಖ್ಯೆಯಲ್ಲಿ ಸ್ನಾಯುವಿನ ಪಾಲು ದೊಡ್ಡದು, ನಿಜ. ಆದರೆ ಮಿದುಳು, ಬೆನ್ನುಹುರಿ, ನರ, ಕೀಲು, ಕೂತ ಕುರ್ಚಿ, ಕಟ್ಟಿದ ಪಟ್ಟಿ, ಪಕ್ಕದಲ್ಲಿ ನಿಂತು ಹುರಿದುಂಬಿಸುವವರ ದನಿ, ಎಲ್ಲವೂ ಅದರೊಳಗೆ ಸೇರಿಕೊಂಡಿರುತ್ತವೆ. ಕೇಳುವ ರೀತಿ ಬದಲಾದರೆ ಉತ್ತರ ಬದಲಾಗುತ್ತದೆ. ತೊಡೆಯ ಬಲ ಅಳೆಯಲು ನೂರು ವರ್ಷಗಳಿಂದ ನಡೆದಿರುವ ಪ್ರಯತ್ನವೆಲ್ಲ, ಈ ಪ್ರಶ್ನೆಯನ್ನು ಸರಿಯಾಗಿ ಕೇಳುವುದು ಹೇಗೆ ಎಂಬುದರ ಸುತ್ತಲೇ ಸುತ್ತಿದೆ.

ಗಟ್ಟಿಮುಟ್ಟಾಗಿರುವವರ ಕಾಲನ್ನು ಅಳೆದು ಆಗಬೇಕಾದ್ದೇನು ಎಂದು ಕೇಳುವವರಿದ್ದಾರೆ. ಶಸ್ತ್ರಚಿಕಿತ್ಸೆ ಆದವರ ಕಾಲು ದುರ್ಬಲವಾಗಿದೆ ಎನ್ನಬೇಕಾದರೆ ದುರ್ಬಲವಲ್ಲದ ಕಾಲು ಎಷ್ಟು ಒದೆಯುತ್ತದೆ ಎಂಬುದು ಮೊದಲು ಗೊತ್ತಿರಬೇಕು. ಅದೂ ಒಬ್ಬಿಬ್ಬರದಲ್ಲ. ಗಂಡಸರದು, ಹೆಂಗಸರದು, ಇಪ್ಪತ್ತರವರದು, ಎಪ್ಪತ್ತರವರದು, ಹೊಲದಲ್ಲಿ ದುಡಿಯುವವರದು, ಕಂಪ್ಯೂಟರ್ ಮುಂದೆ ಕೂರುವವರದು. ಆ ಹಿನ್ನೆಲೆ ಇಲ್ಲದೆ ರೋಗಿಯ ಸಂಖ್ಯೆ ಅಂತರದಲ್ಲೇ ನೇತಾಡುತ್ತದೆ.

ಈಗ ಒಂದು ಕುರ್ಚಿಯಲ್ಲಿ ಕೂತು, ಅಂಗೈಯನ್ನು ತೊಡೆಯ ಮೇಲಿಟ್ಟು, ಕಾಲನ್ನು ನೆಟ್ಟಗೆ ಮುಂದಕ್ಕೆ ಚಾಚಿ. ಅಂಗೈ ಕೆಳಗೆ ಗಟ್ಟಿಯಾಗುವುದು ಕ್ವಾಡ್ರಿಸೆಪ್ಸ್, ನಾಲ್ಕು ಸ್ನಾಯುಗಳ ಗುಂಪು. ಅವುಗಳಲ್ಲಿ ಮೂರು ತೊಡೆಮೂಳೆಯಿಂದಲೇ ಹೊರಡುತ್ತವೆ. ರೆಕ್ಟಸ್ ಫೆಮೊರಿಸ್ ಎಂಬ ನಾಲ್ಕನೆಯದು ಮಾತ್ರ ಸೊಂಟದ ಮೂಳೆಯಿಂದ ಇಳಿದು ಬರುತ್ತದೆ. ನಾಲ್ಕೂ ಕೆಳಗೆ ಒಂದಾಗಿ, ಮಂಡಿಚಿಪ್ಪನ್ನು ಒಳಗೊಂಡು, ಮೊಣಕಾಲ ಕೆಳಗಿನ ಮೂಳೆಯ ಉಬ್ಬಿಗೆ ಅಂಟಿಕೊಳ್ಳುತ್ತವೆ. ಇನ್ನು ಹಿಮ್ಮಡಿಯನ್ನು ಕುರ್ಚಿಯ ಕಾಲಿಗೆ ಒತ್ತಿ ಹಿಂದಕ್ಕೆ ಎಳೆದು ನೋಡಿ. ಮೊಣಕಾಲ ಹಿಂಬದಿಯಲ್ಲಿ, ಎರಡೂ ಅಂಚಿಗೆ, ಬಿಗಿದು ಎದ್ದು ನಿಲ್ಲುವವು ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳ ರಜ್ಜುಗಳು. ಮುಂದಿನ ಗುಂಪು ಕಾಲನ್ನು ಚಾಚುತ್ತದೆ, ಹಿಂದಿನದು ಮಡಿಸುತ್ತದೆ. ಹಿಂದಿನ ಗುಂಪಿನ ಬಹುಪಾಲು ಸೊಂಟವನ್ನೂ ದಾಟಿ ಬರುವುದರಿಂದ, ಕೂತು ಅಳೆದಾಗ ಒಂದು ಬಲ, ಬೋರಲು ಮಲಗಿ ಅಳೆದಾಗ ಇನ್ನೊಂದು.

ಸ್ನಾಯು ಎಳೆಯುತ್ತದೆ, ಕೀಲು ತಿರುಗುತ್ತದೆ. ಹಾಗಾಗಿ ಇಲ್ಲಿ ಅಳೆಯಬೇಕಾದ್ದು ತಿರುಗಿಸುವ ಬಲವನ್ನು, ಅಂದರೆ ಟಾರ್ಕ್ ಅನ್ನು. ಬಾಗಿಲನ್ನು ಹಿಡಿಕೆಯ ಹತ್ತಿರ ತಳ್ಳಿದರೆ ಬೆರಳು ಸಾಕು, ಕೀಲಿನ ಹತ್ತಿರ ತಳ್ಳಿದರೆ ಭುಜ ಕೊಡಬೇಕಾಗುತ್ತದೆ. ಬಲವನ್ನು ನ್ಯೂಟನ್‌ನಲ್ಲೂ ಕೀಲಿನಿಂದ ಅದಕ್ಕಿರುವ ದೂರವನ್ನು ಮೀಟರ್‌ನಲ್ಲೂ ಹಿಡಿದು ಗುಣಿಸಿದರೆ ನ್ಯೂಟನ್ ಮೀಟರ್ ಸಿಗುತ್ತದೆ. ಒಬ್ಬ ಆರೋಗ್ಯವಂತ ಯುವಕ ಕಾಲು ಚಾಚುವಾಗ 180 ನ್ಯೂಟನ್ ಮೀಟರ್ ಟಾರ್ಕ್ ಹೊಮ್ಮಿಸಿದ ಎಂದುಕೊಳ್ಳೋಣ. ಅಸಾಧಾರಣವೇನೂ ಅಲ್ಲದ ಸಂಖ್ಯೆ ಇದು. ಅಳೆಯುವ ಪಟ್ಟಿಯನ್ನು ಮೊಣಕಾಲಿನಿಂದ 36 ಸೆಂಟಿಮೀಟರ್ ಕೆಳಗೆ ಕಟ್ಟಿದ್ದರೆ ಅದರ ಮೇಲೆ ಬೀಳುವ ಬಲ 500 ನ್ಯೂಟನ್, ಸುಮಾರು 51 ಕೆಜಿ ಭಾರಕ್ಕೆ ಸಮ. ಅದೇ ಪಟ್ಟಿಯನ್ನು 30 ಸೆಂಟಿಮೀಟರ್‌ಗೆ ಏರಿಸಿದರೆ 600 ನ್ಯೂಟನ್, ಅಂದರೆ 61 ಕೆಜಿ. ಕಾಲೂ ಅದೇ, ಒದೆತವೂ ಅದೇ, ಪಟ್ಟಿ ಕಟ್ಟಿದ ಜಾಗ ಅಂಗುಲ ಎರಡೂವರೆ ಮೇಲೆ ಹೋದದ್ದಕ್ಕೆ ಹತ್ತು ಕೆಜಿ ಜಾಸ್ತಿ! "ಇವರ ತೊಡೆಬಲ ಇಷ್ಟು ಕೆಜಿ" ಎಂದು ಬರೆದ ವರದಿಯಲ್ಲಿ ದೂರದ ಲೆಕ್ಕ ಇಲ್ಲದಿದ್ದರೆ ಅದನ್ನು ಇನ್ನೊಂದು ವರದಿಯ ಪಕ್ಕ ಇಟ್ಟು ನೋಡುವಂತೆಯೇ ಇಲ್ಲ.

ಒಳಗಿನ ಲೆಕ್ಕ ಇನ್ನೂ ಬೆರಗಿನದು. ಮಂಡಿಚಿಪ್ಪಿನ ಕೆಳಗಿನ ರಜ್ಜು ಕೀಲಿನ ತಿರುಗುಕೇಂದ್ರದಿಂದ ಇರುವುದು ಸುಮಾರು 4 ಸೆಂಟಿಮೀಟರ್ ದೂರದಲ್ಲಿ. ಅಷ್ಟು ಕಿರಿದಾದ ದೂರದಿಂದ 180 ನ್ಯೂಟನ್ ಮೀಟರ್ ಹುಟ್ಟಿಸಬೇಕಾದರೆ ಆ ರಜ್ಜು 4,500 ನ್ಯೂಟನ್ ಎಳೆತವನ್ನು ತಾಳಬೇಕು. ಅಂದರೆ ಸುಮಾರು 460 ಕೆಜಿ, ನಮ್ಮ ಯುವಕ 65 ಕೆಜಿ ತೂಗಿದರೆ ಅವನ ಮೈತೂಕದ ಏಳು ಪಟ್ಟು. ಮಂಡಿಚಿಪ್ಪು ಇಲ್ಲದಿದ್ದರೆ ಆ 4 ಸೆಂಟಿಮೀಟರ್ ಇನ್ನೂ ಕಿರಿದಾಗಿ, ಅದೇ ಕೆಲಸಕ್ಕೆ ಸ್ನಾಯು ಇನ್ನೂ ಹೆಚ್ಚು ಎಳೆಯಬೇಕಾಗುತ್ತಿತ್ತು. ರಜ್ಜುವನ್ನು ಕೀಲಿನಿಂದ ಮುಂದಕ್ಕೆ ಎತ್ತಿ ಹಿಡಿದು ಸ್ನಾಯುವಿನ ಶ್ರಮ ಉಳಿಸುವುದು ಈ ಪುಟ್ಟ ಮೂಳೆಯ ದೊಡ್ಡ ಉಪಕಾರ.

ಬಲ ಅಳೆಯಲು ವೈದ್ಯರ ಹತ್ತಿರ ಮೊದಲು ಇದ್ದದ್ದು ಅವರ ಕೈ. ಬಾಸ್ಟನ್ನಿನ ಮೂಳೆವೈದ್ಯ ರಾಬರ್ಟ್ ಲೊವೆಟ್ ಪೋಲಿಯೋ ತಗುಲಿದ ಮಕ್ಕಳ ಸ್ನಾಯುಗಳನ್ನು ಒಂದೊಂದಾಗಿ ಪರೀಕ್ಷಿಸುವ ಕ್ರಮ ಬೆಳೆಸಿದರು. ಅವರ ಜೊತೆ ಕೆಲಸ ಮಾಡುತ್ತಿದ್ದ ವಿಲ್ಹೆಲ್ಮಿನ್ ರೈಟ್ 1912ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ನರಗಾಯಗಳ ಕೈಪಿಡಿಯಲ್ಲಿ 0ರಿಂದ 5ರವರೆಗಿನ ಶ್ರೇಣಿಯನ್ನು ಕೊಟ್ಟಿತು. ಸ್ನಾಯು ಮಿಸುಕದಿದ್ದರೆ 0, ಸಣ್ಣ ಅದುರು ಕಂಡರೆ 1, ಭೂಮಿಯ ಸೆಳೆತ ಇಲ್ಲದ ಭಂಗಿಯಲ್ಲಿ ಚಲಿಸಿದರೆ 2, ಸೆಳೆತವನ್ನು ಮೀರಿ ಎತ್ತಿದರೆ 3, ಪರೀಕ್ಷಕರ ಕೈಯ ತಡೆಯನ್ನೂ ಒಂದಿಷ್ಟು ಮೀರಿದರೆ 4, ಪೂರ್ತಿ ಬಲವಿದ್ದರೆ 5. ಇವತ್ತಿಗೂ ಆಸ್ಪತ್ರೆಯ ಕೇಸ್ ಶೀಟಿನಲ್ಲಿ "ಪವರ್ 4/5" ಎಂದು ಬರೆಯುವುದು ಇದೇ ಲೆಕ್ಕದಲ್ಲಿ. ಲಕ್ವ ಹೊಡೆದವರ, ನರ ತುಂಡಾದವರ ಕಾಲು ದಿನದಿಂದ ದಿನಕ್ಕೆ ಸುಧಾರಿಸುತ್ತಿದೆಯೇ ಎಂದು ನೋಡಲು ಇದು ಒಳ್ಳೆಯ ಸಾಧನ. ಖರ್ಚಿಲ್ಲ, ಯಂತ್ರ ಬೇಕಿಲ್ಲ, ಹಾಸಿಗೆಯ ಬಳಿಯೇ ಆಗುತ್ತದೆ.

ಆರೋಗ್ಯವಂತರ ತೊಡೆಗೆ ಮಾತ್ರ ಇದು ಏನೇನೂ ಸಾಲದು, ಏಕೆಂದು ಲೆಕ್ಕ ಹಾಕಿಯೇ ನೋಡಬಹುದು. ಮೊಣಕಾಲ ಕೆಳಗಿನ ಕಾಲು ಮತ್ತು ಪಾದದ ತೂಕ ಮೈತೂಕದ ಸುಮಾರು 6%. 65 ಕೆಜಿ ತೂಗುವವರಲ್ಲಿ ಇದು 4 ಕೆಜಿ. ಅದರ ಗುರುತ್ವಕೇಂದ್ರ ಮೊಣಕಾಲಿನಿಂದ 24 ಸೆಂಟಿಮೀಟರ್ ಆಸುಪಾಸಿನಲ್ಲಿದೆ. ಕಾಲನ್ನು ನೆಲಕ್ಕೆ ಸಮಾಂತರವಾಗಿ ಚಾಚಿ ಹಿಡಿಯಲು ಬೇಕಾದ ಟಾರ್ಕ್ ಹಾಗಾದರೆ 9 ನ್ಯೂಟನ್ ಮೀಟರ್‌ಗಿಂತ ತುಸು ಹೆಚ್ಚು. ನಮ್ಮ ಯುವಕನ ಸಾಮರ್ಥ್ಯ 180. ಎಂದರೆ 3ನೇ ಶ್ರೇಣಿಗೆ ಬೇಕಾದದ್ದು ಪೂರ್ತಿ ಬಲದ ಇಪ್ಪತ್ತರಲ್ಲಿ ಒಂದು ಪಾಲು. ಮಿಕ್ಕ ಹತ್ತೊಂಬತ್ತು ಪಾಲನ್ನೂ 4 ಮತ್ತು 5 ಎಂಬ ಎರಡೇ ಅಂಕಗಳಲ್ಲಿ ತುರುಕಬೇಕು. ಅದರ ಮೇಲೆ, 50 ಕೆಜಿಯಷ್ಟು ಒತ್ತುವ ಕಾಲನ್ನು ಯಾವ ಪರೀಕ್ಷಕರ ತೋಳು ತಡೆದೀತು? ಅರ್ಧ ಬಲ ಕಳೆದುಕೊಂಡ ಕಾಲೂ ಪರೀಕ್ಷಕರ ಕೈಯನ್ನು ಸಲೀಸಾಗಿ ತಳ್ಳಿ 5 ಅಂಕ ಪಡೆದುಬಿಡಬಹುದು. ಮೊಣಕಾಲ ಶಸ್ತ್ರಚಿಕಿತ್ಸೆ ಆದವರಿಗೆ ಕೈಯಿಂದ ಒತ್ತಿ ನೋಡಿ "ಬಲ ಪೂರ್ತಿ ಬಂದಿದೆ, ಇನ್ನು ಆಟಕ್ಕೆ ಇಳಿಯಬಹುದು" ಎನ್ನುವುದು ಇದೇ ಕಾರಣಕ್ಕೆ ಅಪಾಯದ ಮಾತು ಎಂದು ನಾನು ಒತ್ತಿ ಹೇಳುತ್ತೇನೆ.

ಕೈಪರೀಕ್ಷೆಯ ಈ ಕೊರತೆ ಲೊವೆಟ್ ಅವರಿಗೇ ಕಾಣಿಸಿತ್ತು. 1914ರಲ್ಲಿ ವರ್ಮಾಂಟ್ ರಾಜ್ಯದಲ್ಲಿ ಪೋಲಿಯೋ ಹರಡಿದಾಗ ಅವರು ಶರೀರಶಾಸ್ತ್ರಜ್ಞ ಅರ್ನೆಸ್ಟ್ ಮಾರ್ಟಿನ್ ಜೊತೆ ಸೇರಿ ಸ್ಪ್ರಿಂಗ್ ತಕ್ಕಡಿಯನ್ನು ಬಳಕೆಗೆ ತಂದರು. ಕಾಲಿಗೆ ಪಟ್ಟಿ ಸುತ್ತಿ, ಪಟ್ಟಿಗೆ ತಕ್ಕಡಿ ಸಿಕ್ಕಿಸಿ, ಸ್ನಾಯು ಸೋತು ಬಿಡುವವರೆಗೆ ಎಳೆದು, ಮುಳ್ಳು ನಿಂತ ಜಾಗವನ್ನು ಬರೆದುಕೊಳ್ಳುವ ಕ್ರಮ ಅದು. ಇಂದು ಫಿಸಿಯೋಥೆರಪಿಸ್ಟರ ಅಂಗೈಯಲ್ಲಿ ಹಿಡಿಸುವ ಪುಟ್ಟ ಡೈನಮೋಮೀಟರ್ ಅದರದೇ ವಂಶದ ಕುಡಿ. ತೋಳಿನ ಸ್ನಾಯುಗಳಿಗೆ ಅದು ಚೆನ್ನಾಗಿ ಒಪ್ಪುತ್ತದೆ. ತೊಡೆಯ ವಿಷಯಕ್ಕೆ ಬಂದಾಗ ಹಳೆಯ ತೊಡಕೇ ಎದುರಾಗುತ್ತದೆ: ರೋಗಿಯ ಕಾಲಿಗಿಂತ ಮೊದಲು ಪರೀಕ್ಷಕರ ತೋಳು ಸೋಲುತ್ತದೆ. ಆಗ ಯಂತ್ರ ತೋರಿಸುವುದು ಯಾರ ಬಲವನ್ನು? ಪರಿಹಾರ ಸರಳವಾದದ್ದೇ. ಡೈನಮೋಮೀಟರನ್ನು ಕೈಯಲ್ಲಿ ಹಿಡಿಯುವ ಬದಲು, ಗಟ್ಟಿ ಬೆಲ್ಟಿನಿಂದ ಮಂಚದ ಕಾಲಿಗೋ ಗೋಡೆಯ ಕಂಬಿಗೋ ಬಿಗಿದು, ಅದರ ವಿರುದ್ಧ ಒದೆಯಲು ಹೇಳುವುದು. ದುಬಾರಿ ಯಂತ್ರ ಕೊಳ್ಳಲಾಗದ ತಾಲ್ಲೂಕು ಮಟ್ಟದ ಕ್ಲಿನಿಕ್ಕುಗಳಿಗೆ ಇದಕ್ಕಿಂತ ಒಳ್ಳೆಯ ಹಾದಿ ನನಗೆ ಕಾಣುವುದಿಲ್ಲ.

ಭಾರ ಎತ್ತಿಸಿ ನೋಡುವುದು ಮತ್ತೊಂದು ದಾರಿ. ಷಿಕಾಗೋದ ಗಾರ್ಡಿನರ್ ಸೇನಾ ಆಸ್ಪತ್ರೆಯ ಯುವ ವೈದ್ಯ ಥಾಮಸ್ ಡಿಲೋರ್ಮ್, ಮೊಣಕಾಲು ಪೆಟ್ಟಾದ ಸೈನಿಕರ ಪಾದಕ್ಕೆ ಕಬ್ಬಿಣದ ಬೂಟು ಕಟ್ಟಿ, ಅದಕ್ಕೆ ಭಾರ ಸೇರಿಸುತ್ತಾ ಹೋದರು. ಹತ್ತು ಬಾರಿ ಎತ್ತಲು ಆಗುವ, ಹನ್ನೊಂದನೆಯ ಬಾರಿ ಆಗದ ಭಾರ ಯಾವುದೋ ಅದೇ ಅಳತೆ. 1945ರಲ್ಲಿ ಅವರು ಪ್ರಕಟಿಸಿದ ಈ ಕ್ರಮದಿಂದಲೇ ಇಂದಿನ ಜಿಮ್ಮುಗಳ ಲೆಕ್ಕಾಚಾರ ಹುಟ್ಟಿತು. ಆದರೆ ಇದರಲ್ಲೂ ಒಂದು ಸೂಕ್ಷ್ಮವಿದೆ. ಕಾಲು ಕೆಳಗೆ ಇಳಿಬಿದ್ದಿರುವಾಗ ಬೂಟಿನ ಭಾರಕ್ಕೆ ತಿರುಗಿಸುವ ಶಕ್ತಿ ಇರುವುದೇ ಇಲ್ಲ. ಕಾಲು ನೆಟ್ಟಗಾಗುತ್ತ ಬಂದಂತೆ ಅದು ಏರುತ್ತದೆ. ಸ್ನಾಯುವಿನ ನಡತೆ ಬೇರೆ: ಮೊಣಕಾಲು 60ರಿಂದ 70 ಡಿಗ್ರಿಯಷ್ಟು ಮಡಿಸಿದ್ದಾಗ ಕ್ವಾಡ್ರಿಸೆಪ್ಸ್ ಕಸುವು ತುತ್ತತುದಿಯಲ್ಲಿರುತ್ತದೆ, ಕಾಲು ಪೂರ್ತಿ ಚಾಚುವ ಹೊತ್ತಿಗೆ ಬಹಳ ಇಳಿದಿರುತ್ತದೆ. ಹೀಗಾಗಿ ಎತ್ತಿದ ಭಾರವು ಸ್ನಾಯು ಅತಿ ದುರ್ಬಲವಾಗಿರುವ ಕೊನೆಯ ಕೆಲವು ಡಿಗ್ರಿಗಳ ಬಲವನ್ನು ಹೇಳುತ್ತದೆ. ಉಳಿದ ದಾರಿಯಲ್ಲಿ ಸ್ನಾಯು ಎಷ್ಟು ಬಲ ಕೊಡಬಲ್ಲದಾಗಿತ್ತು ಎಂಬುದು ಕಬ್ಬಿಣಕ್ಕೆ ಗೊತ್ತಾಗುವುದಿಲ್ಲ.

ಗರಡಿಮನೆಯ ಬಸ್ಕಿಗೂ ಇಲ್ಲೇ ಒಂದು ಮಾತು ಸೇರಿಸುತ್ತೇನೆ. ನೂರಾರು ಬಸ್ಕಿ ಹೊಡೆಯುವ ಪೈಲ್ವಾನರ ತೊಡೆಗಳಿಗೆ ಅಸಾಧಾರಣ ತಾಳಿಕೆ ಇರುತ್ತದೆ. ಆದರೆ ಎಣಿಕೆ ಹೇಳುವುದು ತಾಳಿಕೆಯನ್ನು. ಒಂದೇ ಒಂದು ಒದೆತದಲ್ಲಿ ಎಷ್ಟು ಬಲ ಹೊಮ್ಮುತ್ತದೆ ಎಂಬುದು ಬೇರೆಯ ಗುಣ, ಅದಕ್ಕೆ ಬೇರೆಯದೇ ಪರೀಕ್ಷೆ ಬೇಕು.

ಕಾಲು ಚಾಚುವ ದಾರಿಯುದ್ದಕ್ಕೂ ಬಲ ಅಳೆಯುವ ಉಪಾಯ 1967ರಲ್ಲಿ ಹೊರಬಂತು. ಹೆಲೆನ್ ಹಿಸ್ಲಾಪ್ ಮತ್ತು ಜೇಮ್ಸ್ ಪೆರಿನ್ ಆ ವರ್ಷ ಐಸೋಕೈನೆಟಿಕ್ ಎಂಬ ಪರಿಕಲ್ಪನೆಯನ್ನು ವಿವರಿಸಿದರು. ಪೆರಿನ್ ಯೋಚನೆ ಬಹಳ ಚೆಂದದ್ದು. ಭಾರವನ್ನು ಸ್ಥಿರವಾಗಿಡುವ ಬದಲು ವೇಗವನ್ನು ಸ್ಥಿರವಾಗಿಟ್ಟರೆ? ಸೆಕೆಂಡಿಗೆ 60 ಡಿಗ್ರಿ ಎಂದು ನಿಗದಿ ಮಾಡಿದರೆ ಯಂತ್ರದ ತೋಳು ಅದಕ್ಕಿಂತ ವೇಗವಾಗಿ ತಿರುಗಲು ಒಪ್ಪುವುದೇ ಇಲ್ಲ. ನೀವು ಎಷ್ಟು ಜೋರಾಗಿ ಒದ್ದರೂ ಅಷ್ಟೇ ಪ್ರತಿರೋಧ ಒಡ್ಡುತ್ತದೆ, ಮೆಲ್ಲಗೆ ಒದ್ದರೆ ಮೆಲ್ಲಗಿನ ಪ್ರತಿರೋಧ. ಪ್ರತಿ ಕೋನದಲ್ಲೂ ಸ್ನಾಯು ಕೊಡುವಷ್ಟನ್ನು ಯಂತ್ರ ಹಿಡಿದುಕೊಂಡು ಗೆರೆ ಎಳೆಯುತ್ತದೆ. ಸೈಬೆಕ್ಸ್ ಎಂಬ ಹೆಸರಿನಲ್ಲಿ ಇದು ಮಾರುಕಟ್ಟೆಗೆ ಬಂತು. ಈಗ ದೊಡ್ಡ ಆಸ್ಪತ್ರೆಗಳಲ್ಲೂ ಕ್ರೀಡಾ ವಿಜ್ಞಾನ ಕೇಂದ್ರಗಳಲ್ಲೂ ಕಾಣುವುದು ಇದರ ಮುಂದಿನ ತಲೆಮಾರು.

ಈ ಪರೀಕ್ಷೆಯನ್ನು ಹತ್ತಿರದಿಂದ ನೋಡಬೇಕು. ಐದು ನಿಮಿಷ ಸೈಕಲ್ ತುಳಿದು ಮೈ ಬೆಚ್ಚಗಾದ ಮೇಲೆ ಕುರ್ಚಿಗೆ ಹತ್ತಿಸುತ್ತಾರೆ. ಎದೆಗೆ ಅಡ್ಡಡ್ಡ ಎರಡು ಪಟ್ಟಿ, ಸೊಂಟಕ್ಕೊಂದು, ತೊಡೆಗೊಂದು. ಇಷ್ಟು ಬಿಗಿಯದಿದ್ದರೆ ಒದೆಯುವಾಗ ಮೈಯೆಲ್ಲ ಹಿಂದಕ್ಕೆ ಬಾಗಿ ಸೊಂಟದ ಬಲವೂ ಲೆಕ್ಕದಲ್ಲಿ ಬೆರೆತುಹೋಗುತ್ತದೆ. ಆಮೇಲೆ ಪರೀಕ್ಷಕರು ಬಗ್ಗಿ, ಮೊಣಕಾಲ ಹೊರಬದಿಯಲ್ಲಿ ತೊಡೆಮೂಳೆಯ ಗುಬುಟನ್ನು ಬೆರಳಿನಿಂದ ತಡವಿ ಹುಡುಕಿ, ಯಂತ್ರದ ಅಕ್ಷ ಅದರ ನೇರಕ್ಕೆ ಬರುವಂತೆ ಕುರ್ಚಿಯನ್ನು ಹಿಂದೆ ಮುಂದೆ ಸರಿಸುತ್ತಾರೆ. ಅನುಭವಿಗಳು ಇದನ್ನು ಕಾಲು ಸಡಿಲವಾಗಿದ್ದಾಗ ಮಾತ್ರ ನೋಡಿ ಬಿಡುವುದಿಲ್ಲ. ಜೋರಾಗಿ ಒದೆಯುವಾಗ ಕುರ್ಚಿಯ ಮೆತ್ತೆ ಅಮುಕಿ, ಪೃಷ್ಠ ತುಸು ಎದ್ದು, ಮೊಣಕಾಲು ಜಾಗ ಬಿಟ್ಟು ಸರಿದುಬಿಡುತ್ತದೆ. ಅದಕ್ಕೇ ಒಮ್ಮೆ ಒದೆಯಲು ಹೇಳಿ, ಆ ಬಿಗುವಿನಲ್ಲಿ ಅಕ್ಷ ಸರಿಯಿದೆಯೇ ಎಂದು ಮತ್ತೆ ನೋಡುತ್ತಾರೆ. ಮೆತ್ತೆಯ ಪಟ್ಟಿ ಹರಡಿನ ಗಂಟಿನಿಂದ ಎರಡು ಬೆರಳು ಮೇಲೆ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಬೇಕೋ ಹಿಡಿಕೆ ಹಿಡಿಯಬೇಕೋ ಎಂಬುದೂ ಮೊದಲೇ ತೀರ್ಮಾನವಾಗಿರಬೇಕು, ಏಕೆಂದರೆ ಹಿಡಿಕೆ ಹಿಡಿದವರು ಹೆಚ್ಚು ಒದೆಯಬಲ್ಲರು.

ಮೊದಲು ಅರೆಮನಸ್ಸಿನ ನಾಲ್ಕು ಒದೆತ, ಅಭ್ಯಾಸಕ್ಕೆ. ಸ್ವಲ್ಪ ವಿಶ್ರಾಂತಿ. ಅನಂತರ "ಒದೀರಿ, ಒದೀರಿ, ಇನ್ನೂ ಜೋರು, ಎಳೀರಿ ಹಿಂದಕ್ಕೆ" ಎಂಬ ಕೂಗಿನ ಜೊತೆ ಐದು ಬಾರಿ ಪೂರ್ತಿ ಬಲ. ಪರದೆಯ ಮೇಲೆ ಪ್ರತಿ ಒದೆತಕ್ಕೂ ಒಂದು ಕಮಾನಿನಾಕಾರದ ಗೆರೆ ಏರಿ ಇಳಿಯುತ್ತದೆ. ಆರಂಭದಲ್ಲೇ ಒಂದು ಚೂಪು ಮೊನೆ ಕಂಡರೆ ಅದನ್ನು ಬಲ ಎಂದು ಓದಬಾರದು. ಬೀಸಿ ಬಂದ ಕಾಲನ್ನು ಯಂತ್ರ ತಟ್ಟನೆ ತಡೆದಾಗ ಆದ ಪೆಟ್ಟಿನ ಗುರುತು ಅದು. ಐದೂ ಗೆರೆಗಳು ಒಂದರ ಮೇಲೊಂದು ಕೂತರೆ ಮನಸಾರೆ ಒದ್ದಿದ್ದಾರೆ ಎಂದು ನಂಬಬಹುದು. ಒಂದೊಂದು ಒಂದೊಂದು ಕಡೆ ಚೆದುರಿದ್ದರೆ ನೋವೋ ಹೆದರಿಕೆಯೋ ಅರ್ಥವಾಗದ ಸೂಚನೆಯೋ ಏನೋ ಅಡ್ಡ ಬಂದಿದೆ. ಈ ಕುರ್ಚಿಗೆ ಮೊದಲ ಸಲ ಹತ್ತಿದವರು ಎರಡನೆಯ ದಿನ ಹೆಚ್ಚು ಬಲ ತೋರಿಸುವುದು ಸಾಮಾನ್ಯ. ಅಷ್ಟರಲ್ಲಿ ಸ್ನಾಯು ಬೆಳೆದಿರುವುದಿಲ್ಲ, ಒದೆಯುವುದನ್ನು ಕಲಿತಿರುತ್ತಾರೆ ಅಷ್ಟೆ. ಅಭ್ಯಾಸದ ದಿನವನ್ನು ಬಿಟ್ಟು ಮಾಡಿದ ಅಧ್ಯಯನಗಳಲ್ಲಿ "ನಮ್ಮ ವ್ಯಾಯಾಮದಿಂದ ಬಲ ಹೆಚ್ಚಿತು" ಎಂಬ ಘೋಷಣೆ ಕಂಡರೆ ನಾನು ಎರಡು ಸಲ ಯೋಚಿಸುತ್ತೇನೆ.

ಯಂತ್ರ ಎಷ್ಟೇ ನಾಜೂಕಾಗಿದ್ದರೂ ಭೂಮಿಯ ಸೆಳೆತವನ್ನು ಮರೆತರೆ ಎಡವಟ್ಟಾಗುತ್ತದೆ. 1981ರಲ್ಲಿ ಡೇವಿಡ್ ವಿಂಟರ್ ಮತ್ತು ಸಂಗಡಿಗರು ಈ ಬಗ್ಗೆ ಗಟ್ಟಿಯಾಗಿ ಎಚ್ಚರಿಸಿದರು. ಕಾಲು ಮೇಲಕ್ಕೆ ಚಾಚುವಾಗ ಕ್ವಾಡ್ರಿಸೆಪ್ಸ್ ಯಂತ್ರವನ್ನಷ್ಟೇ ಅಲ್ಲದೆ ಕಾಲಿನ ತೂಕವನ್ನೂ ಎತ್ತುತ್ತದೆ. ಆ ಪಾಲು ಯಂತ್ರಕ್ಕೆ ಕಾಣುವುದಿಲ್ಲ. ಕೆಳಗೆ ಎಳೆಯುವಾಗ ಅದೇ ತೂಕ ಹ್ಯಾಮ್‌ಸ್ಟ್ರಿಂಗ್‌ಗೆ ನೆರವಾಗುತ್ತದೆ, ಯಂತ್ರ ಅದನ್ನೂ ಸ್ನಾಯುವಿನ ಖಾತೆಗೇ ಬರೆಯುತ್ತದೆ. ಕಾಲು ಮತ್ತು ಯಂತ್ರದ ತೋಳು ಸೇರಿ 10 ನ್ಯೂಟನ್ ಮೀಟರ್ ಎಂದು ಸರಳ ಮಾಡಿಕೊಳ್ಳೋಣ. ಪರದೆಯಲ್ಲಿ ಮುಂದಿನ ಸ್ನಾಯುವಿಗೆ 90, ಹಿಂದಿನದಕ್ಕೆ 70 ಎಂದು ಬಂತು. ಭಾಗಿಸಿದರೆ 0.78. ಹ್ಯಾಮ್‌ಸ್ಟ್ರಿಂಗ್ ಭಲೇ ಗಟ್ಟಿ ಎನಿಸುತ್ತದೆ. ಸೆಳೆತದ ಲೆಕ್ಕ ತಿದ್ದಿದಾಗ ಅವು 100 ಮತ್ತು 60 ಆಗುತ್ತವೆ, ಅನುಪಾತ 0.60. ಅದೇ ಕಾಲು! ಸೆಕೆಂಡಿಗೆ 60 ಡಿಗ್ರಿ ವೇಗದಲ್ಲಿ ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಕಾಣುವುದು ಈ 0.6ರ ಆಸುಪಾಸಿನ ಅನುಪಾತವೇ. ಅದಕ್ಕೇ ಇಂದಿನ ಯಂತ್ರಗಳಲ್ಲಿ ಪರೀಕ್ಷೆಗೆ ಮುನ್ನ ಸಡಿಲ ಬಿಟ್ಟ ಕಾಲನ್ನು ತೂಗಿಕೊಳ್ಳುವ ಹಂತವಿರುತ್ತದೆ.

ವೇಗದ ಸಂಗತಿ ಇನ್ನೂ ಸ್ವಾರಸ್ಯದ್ದು. ಎ. ವಿ. ಹಿಲ್, 1922ರ ನೊಬೆಲ್ ಪಡೆದ ಬ್ರಿಟಿಷ್ ಶರೀರಶಾಸ್ತ್ರಜ್ಞ, 1938ರಲ್ಲಿ ಕಪ್ಪೆಯ ಸ್ನಾಯುಗಳ ಮೇಲಿನ ಪ್ರಯೋಗದಿಂದ ಒಂದು ಸಮೀಕರಣ ಕೊಟ್ಟರು. ಸ್ನಾಯು ವೇಗವಾಗಿ ಕುಗ್ಗಿದಷ್ಟೂ ಅದು ಕೊಡಬಲ್ಲ ಬಲ ಕಡಿಮೆ. ಕುಗ್ಗುವ ಸ್ನಾಯುವಿನಲ್ಲಿ ಆಕ್ಟಿನ್ ಎಳೆಗಳನ್ನು ಹಿಡಿದು ಜಗ್ಗುವ ಮಯೋಸಿನ್ ಅಣುಗಳಿಗೆ ಹಿಡಿಯಲು, ಬಿಡಲು, ಮತ್ತೆ ಹಿಡಿಯಲು ಸಮಯ ಬೇಕು. ವೇಗ ಏರಿದಾಗ ಯಾವುದೇ ಒಂದು ಗಳಿಗೆಯಲ್ಲಿ ಹಿಡಿದಿರುವ ಅಣುಗಳ ಸಂಖ್ಯೆ ಇಳಿಯುತ್ತದೆ. ಮನುಷ್ಯರ ತೊಡೆಯಲ್ಲೂ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಸೆಕೆಂಡಿಗೆ 60 ಡಿಗ್ರಿಯಲ್ಲಿ ಹೊಮ್ಮಿದ ಟಾರ್ಕ್ 180 ಡಿಗ್ರಿಯ ವೇಗದಲ್ಲಿ ಸುಮಾರು ಮೂರನೇ ಎರಡು ಪಾಲಿಗೆ ಇಳಿದಿರುತ್ತದೆ. ಇದು ದೋಷವಲ್ಲ, ಸ್ನಾಯುವಿನ ಸ್ವಭಾವ. ಆದರೆ ನಿತ್ಯದ ಬದುಕು ಸೆಕೆಂಡಿಗೆ 60 ಡಿಗ್ರಿಯಲ್ಲಿ ನಡೆಯುವುದಿಲ್ಲ. ಸುಮ್ಮನೆ ನಡೆಯುವಾಗಲೂ ಮುಂದಕ್ಕೆ ಬೀಸುವ ಕಾಲಿನ ಮೊಣಕಾಲು ಸೆಕೆಂಡಿಗೆ 300 ಡಿಗ್ರಿಗೂ ಹೆಚ್ಚು ವೇಗದಲ್ಲಿ ಚಾಚುತ್ತದೆ, ಫುಟ್‌ಬಾಲ್ ಒದೆಯುವಾಗ 1,000 ಡಿಗ್ರಿ ದಾಟುತ್ತದೆ. ಇನ್ನೊಂದು ಮುಖವೂ ಇದೆ. ಸ್ನಾಯು ತನ್ನ ಪರಮಾವಧಿ ಬಲಕ್ಕೆ ಏರಲು ಸೆಕೆಂಡಿನ ಹತ್ತರಲ್ಲಿ ಮೂರು ಪಾಲಾದರೂ ಬೇಕು. ಒದ್ದೆ ಬಚ್ಚಲಲ್ಲಿ ಕಾಲು ಜಾರಿದಾಗ ಅಷ್ಟು ಪುರಸೊತ್ತು ಸಿಗುವುದಿಲ್ಲ. ಹಾಗಾಗಿ ಎಷ್ಟು ಬಲ ಎಂಬುದರ ಜೊತೆಗೆ ಎಷ್ಟು ಬೇಗ ಎಂಬುದನ್ನೂ ಈಗ ಅಳೆಯುತ್ತಾರೆ. ವಯಸ್ಸಾದವರ ವಿಷಯದಲ್ಲಂತೂ ಎರಡನೆಯದಕ್ಕೇ ಹೆಚ್ಚು ಬೆಲೆ ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಕಟ್ಟುನಿಟ್ಟು ಮಾಡಿದ ಮೇಲೂ ಉಳಿಯುವ ಪ್ರಶ್ನೆ: ಅವರು ನಿಜವಾಗಿಯೂ ಪೂರ್ತಿ ಬಲ ಹಾಕಿದರೇ? 1954ರಲ್ಲಿ ಲಂಡನ್ನಿನ ಪ್ಯಾಟ್ರಿಕ್ ಮರ್ಟನ್ ಇದಕ್ಕೆ ಜಾಣ ಪರೀಕ್ಷೆಯೊಂದನ್ನು ಹೂಡಿದರು. ಹೆಬ್ಬೆರಳಿನ ಸ್ನಾಯುವನ್ನು ಪೂರ್ತಿ ಬಿಗಿಹಿಡಿಯಲು ಹೇಳಿ, ಆ ಬಿಗುವಿನ ನಡುವೆ ನರಕ್ಕೆ ಒಂದು ವಿದ್ಯುತ್ ಚಿಟುಕು ಕೊಟ್ಟರು. ಬಲ ಇನ್ನೂ ಜಿಗಿದರೆ ಸ್ನಾಯುವಿನಲ್ಲಿ ಮಿಕ್ಕದ್ದೇನೋ ಇತ್ತು ಎಂದಾಯಿತು. ಜಿಗಿಯದಿದ್ದರೆ ಮಿದುಳು ಇರುವುದನ್ನೆಲ್ಲ ಕರೆದು ಬಳಸಿದೆ. ಈ ವಿಧಾನವನ್ನು ತೊಡೆಗೂ ತಂದಾಗ, ಆರೋಗ್ಯವಂತರು ಕ್ವಾಡ್ರಿಸೆಪ್ಸ್‌ನ ಬಹುಪಾಲನ್ನು ಬಳಸಬಲ್ಲರು, ಆದರೆ ಎಲ್ಲರೂ ಪೂರ್ತಿ ಬಳಸುವುದಿಲ್ಲ ಎಂದು ತಿಳಿಯಿತು. 1961ರಲ್ಲಿ ಮಿಚಿಯೊ ಇಕಾಯ್ ಮತ್ತು ಆರ್ಥರ್ ಸ್ಟೈನ್‌ಹೌಸ್ ತೋಳಿನ ಮೇಲೆ ಮಾಡಿದ ಪ್ರಯೋಗದಲ್ಲಿ, ಹಿಂದೆ ಪಿಸ್ತೂಲಿನ ಸದ್ದು ಕೇಳಿಸಿದಾಗಲೂ ತಾವೇ ಗಟ್ಟಿಯಾಗಿ ಕಿರುಚಿಕೊಂಡಾಗಲೂ ಜನ ಹೆಚ್ಚು ಬಲ ತೋರಿಸಿದರು. ಭಾರ ಎತ್ತುವ ಹಮಾಲರು, ತೇರು ಎಳೆಯುವವರು ಒಕ್ಕೊರಲಿನಿಂದ ಕೂಗುವುದು ಸುಮ್ಮನೆ ಅಲ್ಲ. ಪರೀಕ್ಷಾ ಕೊಠಡಿಯಲ್ಲಿ ಎಲ್ಲರಿಗೂ ಅದೇ ಮಾತು, ಅದೇ ಏರುದನಿಯಲ್ಲಿ ಹುರಿದುಂಬಿಸಬೇಕು ಎಂಬ ನಿಯಮವೂ ಸುಮ್ಮನೆ ಬಂದದ್ದಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿದ್ದು 1984ರ ಒಂದು ಪ್ರಯೋಗ. ಸ್ಪೆನ್ಸರ್ ಮತ್ತು ಸಂಗಡಿಗರು ಆರೋಗ್ಯವಂತ ಮೊಣಕಾಲಿನೊಳಗೆ ಸ್ವಲ್ಪ ಸ್ವಲ್ಪವಾಗಿ ಉಪ್ಪುನೀರಿನ ದ್ರಾವಣ ತುಂಬಿಸಿ ನೋಡಿದರು. ಬರೀ 20ರಿಂದ 30 ಮಿಲಿಲೀಟರ್ ಸೇರಿದಾಗಲೇ ತೊಡೆಯ ಒಳಬದಿಯ ಸ್ನಾಯುವಿಗೆ ಹೋಗುವ ಪ್ರತಿವರ್ತನೆ ಕುಗ್ಗಿತು. ಉಳಿದ ಭಾಗಗಳು ಕುಗ್ಗಲು 50ರಿಂದ 60 ಮಿಲಿಲೀಟರ್ ಬೇಕಾಯಿತು. ಸ್ನಾಯುವಿಗೆ ಏನೂ ಆಗಿರಲಿಲ್ಲ. ಕೀಲು ಊದಿದೆ ಎಂಬ ಸುದ್ದಿ ಬೆನ್ನುಹುರಿಗೆ ಮುಟ್ಟಿ, ಅದು ತಾನಾಗಿಯೇ ತೊಡೆಗೆ ಹೋಗುವ ಆಜ್ಞೆಯನ್ನು ತಗ್ಗಿಸಿತ್ತು. ಮಂಡಿ ಊದಿಕೊಂಡವರಿಗೆ "ಮನಸ್ಸು ಮಾಡಿ, ಜೋರಾಗಿ ಒದೆಯಿರಿ" ಎಂದು ಗದರುವವರು ಇದನ್ನು ತಿಳಿದಿರಬೇಕು. ಮನಸ್ಸು ಮಾಡಿದರೂ ಆಗದಂತೆ ಒಳಗಿನಿಂದಲೇ ತಡೆ ಬಿದ್ದಿರುತ್ತದೆ.

ಹಾಗಾದರೆ ಆರೋಗ್ಯವಂತರಲ್ಲಿ ಎಷ್ಟಿರಬೇಕು? ಮೈ ದೊಡ್ಡದಾದಷ್ಟೂ ಟಾರ್ಕ್ ಹೆಚ್ಚು, ಹಾಗಾಗಿ ಮೈತೂಕದಿಂದ ಭಾಗಿಸುವುದು ರೂಢಿ. ಸೆಕೆಂಡಿಗೆ 60 ಡಿಗ್ರಿಯಲ್ಲಿ ಕಾಲು ಚಾಚುವಾಗ ಯುವಕರಲ್ಲಿ ಪ್ರತಿ ಕೆಜಿ ಮೈತೂಕಕ್ಕೆ 2.5ರಿಂದ 3 ನ್ಯೂಟನ್ ಮೀಟರ್, ಯುವತಿಯರಲ್ಲಿ 2ರಿಂದ 2.5ರ ಆಸುಪಾಸು. ಒಟ್ಟು ಬಲದಲ್ಲಿ ಹೆಣ್ಣು ಗಂಡಿನ ನಡುವೆ ದೊಡ್ಡ ಅಂತರ ಕಂಡರೂ, ಮೈತೂಕ, ಸ್ನಾಯುವಿನ ಗಾತ್ರ ಎಂದು ಒಂದೊಂದೇ ಲೆಕ್ಕಕ್ಕೆ ತಂದಂತೆ ಅದು ಕಿರಿದಾಗುತ್ತ ಬರುತ್ತದೆ. ಎಡ ಬಲ ಕಾಲುಗಳ ನಡುವೆ 10% ತನಕ ವ್ಯತ್ಯಾಸವಿದ್ದರೆ ಗಾಬರಿಪಡಬೇಕಿಲ್ಲ.

ಆದರೆ ಈ ಸಂಖ್ಯೆಗಳು ಹೆಚ್ಚಾಗಿ ಬಂದಿರುವುದು ಅಮೆರಿಕ, ಯುರೋಪುಗಳ ಪ್ರಯೋಗಾಲಯಗಳಿಂದ. ನಮ್ಮಲ್ಲಿ ದೊಡ್ಡ ಪ್ರಮಾಣದಲ್ಲಿ ಅಳೆದಿರುವುದು ಕೈಹಿಡಿತದ ಬಲವನ್ನು. ವಯಸ್ಸಾಗುವಿಕೆಯ ಬಗ್ಗೆ 2017–18ರಲ್ಲಿ ನಡೆದ ಲಾಸಿ ಎಂಬ ರಾಷ್ಟ್ರೀಯ ಸಮೀಕ್ಷೆಯ ಮೊದಲ ಸುತ್ತಿನಲ್ಲಿ ದೇಶದ 72,000ಕ್ಕೂ ಹೆಚ್ಚು ಮಂದಿ ಸೇರಿದ್ದರು, ಅದರಲ್ಲಿ ಹಿಡಿತದ ಬಲವನ್ನೂ ಅಳೆದರು. ಹಿಡಿತ ಅಳೆಯುವುದು ಸುಲಭ, ಮನೆ ಮನೆಗೆ ಒಯ್ಯಬಹುದು. ಹಾಗೆಂದು ಮುಷ್ಟಿ ತೊಡೆಯ ಪ್ರತಿನಿಧಿಯಾಗಲಾರದು. ದಿನವಿಡೀ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುವ, ನೆಲದ ಮೇಲೆ ಉಂಡು ನೆಲದಿಂದಲೇ ಏಳುವ ಮಂಡ್ಯದ ರೈತ ಮಹಿಳೆಯ ತೊಡೆಯನ್ನು ಕುರ್ಚಿಯಿಂದ ಕುರ್ಚಿಗೆ ಬದುಕುವವರ ಕೋಷ್ಟಕಕ್ಕೆ ಹೋಲಿಸಿ ತೀರ್ಪು ಕೊಡುವುದು ನ್ಯಾಯವಲ್ಲ. ನಮ್ಮ ಜನರ, ನಮ್ಮ ಕೂರುವ ಏಳುವ ರೀತಿಯ, ನಮ್ಮದೇ ಕೋಷ್ಟಕ ಬೇಕು. ನಮ್ಮ ವೈದ್ಯಕೀಯ ಕಾಲೇಜುಗಳು ಕೈಗೆತ್ತಿಕೊಳ್ಳಬೇಕಾದ ಕೆಲಸ ಇದು, ಬೆಲ್ಟು ಬಿಗಿದ ಪುಟ್ಟ ಡೈನಮೋಮೀಟರಿನಿಂದಲೂ ಆಗುವ ಕೆಲಸ.

ಯಂತ್ರವೇ ಇಲ್ಲದ ಕಡೆ ಕುರ್ಚಿಯೊಂದು ಸಾಕು. ಕೈಗಳನ್ನು ಎದೆಗೆ ಕಟ್ಟಿ, ಐದು ಸಲ ಪೂರ್ತಿ ಎದ್ದು ಕೂರಲು ಎಷ್ಟು ಸೆಕೆಂಡು ಬೇಕು ಎಂದು ನೋಡುತ್ತಾರೆ. ಏಷ್ಯಾದ ತಜ್ಞರ ಗುಂಪು 2019ರಲ್ಲಿ 12 ಸೆಕೆಂಡನ್ನು ಗಡಿಯಾಗಿ ಇಟ್ಟಿತು, ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಸ್ನಾಯುಸವೆತದ ತಪಾಸಣೆ ಮಾಡಿಸಬೇಕು. ಕುರ್ಚಿಯ ಎತ್ತರ ಬದಲಾದರೆ ಇಲ್ಲಿಯೂ ಲೆಕ್ಕ ತಲೆಕೆಳಗಾಗುತ್ತದೆ. ತಗ್ಗು ಸ್ಟೂಲಿನಿಂದ ಏಳುವವರಿಗೂ ಎತ್ತರದ ಊಟದ ಕುರ್ಚಿಯಿಂದ ಏಳುವವರಿಗೂ ಒಂದೇ ಗಡಿ ಹಾಕಲಾಗದು.

ವಯಸ್ಸಿನ ಜೊತೆ ಆಗುವ ಬದಲಾವಣೆಯನ್ನು ಚೆನ್ನಾಗಿ ತೋರಿಸಿಕೊಟ್ಟದ್ದು ಪಿಟ್ಸ್‌ಬರ್ಗ್ ಮತ್ತು ಮೆಂಫಿಸ್ ನಗರಗಳಲ್ಲಿ 70ರಿಂದ 79 ವಯಸ್ಸಿನವರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ. 2006ರ ವರದಿಗಳ ಪ್ರಕಾರ ಕಾಲಿನ ಸ್ನಾಯುವಿನ ಗಾತ್ರ ವರ್ಷಕ್ಕೆ ಸುಮಾರು 1% ಇಳಿದರೆ ಬಲ ಅದರ ಮೂರು ಪಟ್ಟು ವೇಗದಲ್ಲಿ ಇಳಿದಿತ್ತು. ಯಾರು ಬೇಗ ಸಾಯುತ್ತಾರೆ ಎಂಬುದಕ್ಕೆ ತಾಳೆಯಾದದ್ದೂ ಬಲವೇ, ಗಾತ್ರವಲ್ಲ. ಆಸ್ಪತ್ರೆಯ ಹಾಸಿಗೆ ಇದನ್ನು ಇನ್ನಷ್ಟು ಅವಸರಪಡಿಸುತ್ತದೆ. ಆರೋಗ್ಯವಂತ ಹಿರಿಯರನ್ನು ಪ್ರಯೋಗಕ್ಕಾಗಿ ಬರೀ 10 ದಿನ ಹಾಸಿಗೆಯಲ್ಲಿಟ್ಟಾಗ ಕಾಲು ಚಾಚುವ ಬಲ ಸರಾಸರಿ 13% ಕುಸಿದಿತ್ತು. ಜ್ವರ ಬಂದ ಅಜ್ಜನನ್ನು "ಏಳಬೇಡಿ, ಮಲಗಿಯೇ ಇರಿ" ಎಂದು ಪ್ರೀತಿಯಿಂದ ಮಲಗಿಸುವ ಮನೆಗಳಿಗೆ ಈ ಸಂಖ್ಯೆ ತಲುಪಬೇಕು.

ಇಳಿದದ್ದು ಏರುವುದೂ ಉಂಟು. 1990ರಲ್ಲಿ ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಸರಾಸರಿ 90 ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಕೊನೆಯವರೆಗೆ ಉಳಿದ ಒಂಬತ್ತು ಜನರಲ್ಲಿ ಕಾಲು ಚಾಚಿ ಎತ್ತುವ ಭಾರ ಸರಾಸರಿ 174% ಹೆಚ್ಚಿತು. ತೊಡೆಯ ಸ್ನಾಯು ದಪ್ಪಗಾದದ್ದು ಮಾತ್ರ 9%. ಮಿಕ್ಕ ಏರಿಕೆಯ ಬಹುಭಾಗ ಬಂದದ್ದು ನರಗಳು ಮಲಗಿದ್ದ ಎಳೆಗಳನ್ನು ಎಬ್ಬಿಸಲು ಕಲಿತದ್ದರಿಂದ. ಕೈ ಊರದೆ ಕುರ್ಚಿಯಿಂದ ಏಳಲಾಗದಿದ್ದ ಮೂವರಲ್ಲಿ ಒಬ್ಬರು ಏಳತೊಡಗಿದರು, ಇಬ್ಬರು ಊರುಗೋಲು ಬಿಟ್ಟು ನಡೆದರು. ಆಮೇಲೆ ನಾಲ್ಕು ವಾರ ವ್ಯಾಯಾಮ ನಿಲ್ಲಿಸಿ ಮತ್ತೆ ಅಳೆದಾಗ, ಗಳಿಸಿದ ಗರಿಷ್ಠ ಬಲದ ಸುಮಾರು ಮೂರನೇ ಒಂದು ಪಾಲು ಕರಗಿಹೋಗಿತ್ತು.